ಕವಲಂದೆಯಲ್ಲಿ ಕಟ್ಟಿದ ಪಂದ್ಯ

2024ರ ಯುಗಾದಿ ಬಿದ್ದದ್ದು ಏಪ್ರಿಲ್ 9ಕ್ಕೆ, ಮಂಗಳವಾರ. ಸೋಮವಾರ ರಜೆ ಹಾಕಿ ಶನಿವಾರವೇ ಊರಿಗೆ ಬಂದುಬಿಟ್ಟಿದ್ದೆ. ಊರು ಅಂದರೆ ಕವಲಂದೆ. ಮೈಸೂರಲ್ಲಿ ಚಾಮರಾಜನಗರದ ರೈಲು ಹತ್ತಿದರೆ ನಂಜನಗೂಡು ದಾಟಿದ ಮೇಲೆ ಸಿಗುತ್ತೆ. ಭಾನುವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಜಾರದ ಕಂಬಕ್ಕೆ ಒರಗಿಕೊಂಡು ಫೋನು ಹಿಡಿದು ಕೂತಿದ್ದೆ. ಹನ್ನೆರಡೂವರೆಗೆ, ಅಂದರೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಭಾನುವಾರ ಮಧ್ಯಾಹ್ನ ಮೂರಕ್ಕೆ, ಅಲ್ಲಿನ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್. ಅಯೋವಾ ಮತ್ತು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ನಡುವೆ.

ನನಗೂ ಅಯೋವಾಗೂ ಏನು ಸಂಬಂಧ ಅಂತ ಕೇಳಬೇಡಿ. ಅಮೆರಿಕದ ಕ್ಲೈಂಟ್ ಇರುವ ಬೆಂಗಳೂರಿನ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತೆ: ಮಾರ್ಚ್ ಬಂದರೆ ಆ ಕಡೆಯ ಟೀಮಿನಿಂದ ಒಂದು 'ಬ್ರ್ಯಾಕೆಟ್' ಬರುತ್ತೆ. 68 ಕಾಲೇಜು ತಂಡಗಳ ದೊಡ್ಡ ಚಾರ್ಟು. ಪ್ರತಿ ಆಟದಲ್ಲಿ ಯಾರು ಗೆಲ್ಲುತ್ತಾರೆ ಅಂತ ತುಂಬಿ, ಕೊನೆಗೆ ಚಾಂಪಿಯನ್ ಹೆಸರು ಬರೆಯಬೇಕು. ಆ ವರ್ಷ ಗಂಡಸರದ್ದಲ್ಲ, ಹೆಂಗಸರ ಬ್ರ್ಯಾಕೆಟ್ ಬೇಕು ಅಂತ ಎಲ್ಲರೂ ಹಟ ಹಿಡಿದರು. ಕಾರಣ ಕೇಟ್ಲಿನ್ ಕ್ಲಾರ್ಕ್ ಅನ್ನೋ ಅಯೋವಾದ ಹುಡುಗಿ, ಅರ್ಧ ಅಂಕಣದಿಂದಲೇ ಚೆಂಡು ಎಸೆದು ಬುಟ್ಟಿಗೆ ಬೀಳಿಸುವವಳು. ತಲೆಗೆ ಐನೂರು ರೂಪಾಯಿ. ನಾನು ಅಯೋವಾ ಅಂತ ಬರೆದೆ. ಬೇರೆ ಯಾರ ಹೆಸರೂ ನನಗೆ ಗೊತ್ತಿರಲಿಲ್ಲ ಅನ್ನೋದೇ ನನ್ನ ಲೆಕ್ಕಾಚಾರ.

ನಡುರಾತ್ರಿ ನೀರಿಗೆ ಎದ್ದ ತಾತ ಫೋನಿನ ಬೆಳಕು ನೋಡಿ ಹತ್ತಿರ ಬಂದರು. "ಏನವ್ವ ಮಾಡ್ತಾ ಇದ್ದೀಯ ಈ ಹೊತ್ನಲ್ಲಿ?"

"ಪಂದ್ಯ ನೋಡ್ತಾ ಇದೀನಿ ತಾತ."

"ಎಷ್ಟು ಕಟ್ಟಿದ್ದೀಯ?"

ನಾನು ಬೆಚ್ಚಿಬಿದ್ದೆ. ಐನೂರರ ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಮೇಲೆ ಹೊಳೆಯಿತು, ತಾತ ಏನನ್ನೂ ಪತ್ತೆ ಹಚ್ಚಿರಲಿಲ್ಲ. ನಾನು ಹೇಳಿದ ಪದವನ್ನ ಅವರು ತಮ್ಮ ಅರ್ಥದಲ್ಲಿ ಕೇಳಿಸಿಕೊಂಡಿದ್ದರು, ಅಷ್ಟೆ. ಅವರ ಪಾಲಿಗೆ ಪಂದ್ಯ ಅಂದರೆ ನೋಡೋದಲ್ಲ, ಕಟ್ಟೋದು. ಕೋಳಿಪಂದ್ಯ, ಎತ್ತಿನಗಾಡಿ ಪಂದ್ಯ. 'ಏನು ಪಂದ್ಯ?' ಅಂತ ಇಬ್ಬರು ಎದುರುಬದುರು ನಿಂತು ಕೈ ತಟ್ಟಿದರೆ ಅದು ಪಂದ್ಯ. ನಿಘಂಟು ತೆಗೆದರೂ ಅಷ್ಟೆ, ಪಣ, ಬಾಜಿ ಅನ್ನೋ ಅರ್ಥ ಕೂತಿದೆ. ತೆಲುಗಿನವರ ಪಂದೆಂ, ತಮಿಳರ ಪಂದಯಂ ಇದೇ ಕುಲದ್ದು, ಅವೆರಡರಲ್ಲೂ ಬಾಜಿಯ ವಾಸನೆ ಇನ್ನೂ ಹೋಗಿಲ್ಲ. ಕನ್ನಡದಲ್ಲಿ ಮಾತ್ರ ಪತ್ರಿಕೆಯ ಕ್ರೀಡಾಪುಟದವರು ಆ ಪದವನ್ನ ತೊಳೆದು ಇಸ್ತ್ರಿ ಮಾಡಿ 'ಮ್ಯಾಚ್' ಅನ್ನೋದಕ್ಕೆ ಇಟ್ಟುಕೊಂಡರು. ಪಂದ್ಯಾವಳಿ, ಪಂದ್ಯಶ್ರೇಷ್ಠ ಅಂತ ದಿನಾ ಓದುವ ನಮಗೆ ಒಳಗೆ ಬಾಜಿ ಇರೋದು ಕಾಣೋದೇ ಇಲ್ಲ.

ಸರಿ, ಐನೂರು ಕಟ್ಟಿದ್ದು ಒಪ್ಪಿಕೊಂಡೆ. ತಾತ ಬೈಯಲಿಲ್ಲ. ಒಂದು ಕಾಲದಲ್ಲಿ ಮೈಸೂರು ರೇಸಿಗೆ ಹೋಗಿಬರುತ್ತಿದ್ದವರು. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಆಟ ನೋಡಿದರು. ಮೊದಲ ಕ್ವಾರ್ಟರಿನಲ್ಲೇ ಕ್ಲಾರ್ಕ್ 18 ಅಂಕ ಗಳಿಸಿದ್ದಳು, ಅಯೋವಾ ಮುಂದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಗೆದ್ದ ಹೆಣ್ಮಕ್ಳಿಗೆ ಎಷ್ಟು ಸಿಗ್ತದೆ?"

ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದ ಮೇಲೆ ಆಟಕ್ಕಿಂತ ಈ ಪ್ರಶ್ನೆಯೇ ದೊಡ್ಡದಾಯಿತು.

ಪಣ ಅಂದಕೂಡಲೇ ನಮಗೆ ನೆನಪಾಗೋದು ದ್ರೌಪದಿ. ಪಂಪನಿಂದ ಕುಮಾರವ್ಯಾಸನವರೆಗೆ, ಯಕ್ಷಗಾನದಿಂದ ಊರಿನ ನಾಟಕದವರೆಗೆ ಸಾವಿರ ವರ್ಷ ಆಡಿ ಆಡಿ ಸವೆಸಿದ ದೃಶ್ಯ. ಅವಳು ಸಭೆಗೆ ಹಾಕಿದ ಪ್ರಶ್ನೆ ಇವತ್ತಿನ ಹೈಕೋರ್ಟಿನಲ್ಲೂ ನಿಲ್ಲುವಂಥದ್ದು: ಅವನು ತನ್ನನ್ನ ಮೊದಲು ಸೋತನೋ, ನನ್ನನ್ನ ಮೊದಲು ಸೋತನೋ? ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನ ಒಡ್ಡುವ ಹಕ್ಕು ಎಲ್ಲಿಂದ ಬಂತು? ಧರ್ಮ ಅರೆದು ಕುಡಿದವರು ಅಷ್ಟು ಜನ ಕೂತಿದ್ದರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಆದರೆ ನಮ್ಮಲ್ಲಿ ಇನ್ನೊಂದು ಪಗಡೆಯಾಟವೂ ಇದೆ, ಅಷ್ಟು ಪ್ರಸಿದ್ಧವಲ್ಲ. ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ನೆತ್ತವಾಡಿ ಸೋಲುತ್ತಾಳೆ, ಸೋತದ್ದನ್ನ ಕೊಡು ಅಂತ ಎಳೆದಾಡುವಾಗ ಮುತ್ತಿನ ಹಾರ ಹರಿದು ಚೆಲ್ಲಾಪಿಲ್ಲಿ. ಆಡಿದ್ದು ಯಾರೊಂದಿಗೆ, ಹಾರಕ್ಕೆ ಕೈ ಹಾಕಿದ್ದು ಯಾರು ಅಂತ ಕನ್ನಡ ಪಂಡಿತರು ಪುಟಗಟ್ಟಲೆ ಜಗಳವಾಡಿದ್ದಾರೆ. ಆ ಜಗಳ ಅವರಿಗೇ ಇರಲಿ. ನನಗೆ ಮುಖ್ಯ ಅನಿಸಿದ್ದು, ಭಾನುಮತಿ ಇಲ್ಲಿ ಪಣ ಅಲ್ಲ, ಆಟಗಾರ್ತಿ. ಆಡಿದ್ದೂ ಅವಳೇ, ಸೋತದ್ದೂ ಅವಳೇ, ಹೋದ ಮುತ್ತೂ ಅವಳದ್ದೇ. ಎರಡೂ ಒಂದೇ ಕಥೆಯೊಳಗಿನ ಪಗಡೆಯಾಟಗಳು. ಒಂದರಲ್ಲಿ ಹೆಣ್ಣು ಹಾಸಿನ ಮುಂದೆ ಕೂತಿದ್ದಾಳೆ, ಇನ್ನೊಂದರಲ್ಲಿ ಹಾಸಿನ ಮೇಲೆ ಇದ್ದಾಳೆ.

ಅರಮನೆಗಳಿಗೆ ಪಣ ಯಾವತ್ತೂ ಮುಜುಗರದ ವಿಷಯ ಆಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ರಾಜ ಹೇಗೆ ಹೊತ್ತು ಕಳೆಯಬೇಕು ಅಂತ ದೊಡ್ಡ ಭಾಗವೇ ಇದೆ: ಮಲ್ಲರ ಕುಸ್ತಿ, ಕೋಳಿ ಕಾಳಗ, ಟಗರು ಕಾಳಗ, ಕೋಣನ ಕಾಳಗ, ಪಗಡೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಹಾಸಿನ ಆಟಗಳ ಹುಚ್ಚು. ತಾವೇ ಹೊಸ ಹೊಸ ಆಟ ಹೊಸೆದರು, ಜಗನ್ಮೋಹನ ಅರಮನೆಯ ಗೋಡೆ ಮೇಲೆ ಅವುಗಳ ಹಾಸುಗಳನ್ನ ಬರೆಸಿದ್ದನ್ನ ಇವತ್ತೂ ನೋಡಬಹುದು.

ಹಳ್ಳಿಗೂ ಒಂದು ದಿನ ಮೀಸಲಿದೆ, ಯುಗಾದಿ. ನಂಜನಗೂಡು, ಚಾಮರಾಜನಗರ, ಮಂಡ್ಯದ ಕಡೆಯವರಿಗೆ ವಿವರಿಸಬೇಕಿಲ್ಲ. ಹಬ್ಬದ ದಿನ, ಮಾರನೇ ದಿನದ ಹೊಸತೊಡಕು, ಎರಡೂ ದಿನ ಅರಳಿಕಟ್ಟೆಯಲ್ಲಿ, ತೋಪಿನಲ್ಲಿ ಇಸ್ಪೀಟು, ನಾಣ್ಯ ಚಿಮ್ಮೋದು, ಅಂದರ್ ಬಾಹರ್. ವರ್ಷದ ಅದೃಷ್ಟ ಹೇಗಿದೆ ಅಂತ ಪರೀಕ್ಷೆ ಮಾಡಿಕೊಳ್ಳೋದು ಅನ್ನೋ ನೆಪ. ಅದರ ಹಿಂದೆಯೇ ಪೊಲೀಸ್ ಜೀಪು. ಇದೆಲ್ಲ ಗಂಡಸರ ವ್ಯವಹಾರ. ಹೆಂಗಸರು ಒಬ್ಬಟ್ಟು ತಟ್ಟುತ್ತಾ, ಅವನು ಎಷ್ಟು ಕಳೆದುಕೊಂಡು ಬರುತ್ತಾನೋ ಅಂತ ಬಾಗಿಲು ನೋಡುತ್ತಿರುತ್ತಾರೆ. ಪಣಕ್ಕೆ ಹೋದ ಓಲೆ, ಬಳೆಯ ಕಥೆ ಕೇಳದ ಮನೆ ನಮ್ಮ ಕಡೆ ಕಡಿಮೆ.

ಜೀಪು ಎಲ್ಲಾ ಕಡೆ ಹೋಗಲ್ಲ ಅನ್ನೋದೇ ಇಲ್ಲಿನ ಇತಿಹಾಸ. ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ. ಅದಕ್ಕೂ ಮೊದಲು, 1872ರಲ್ಲೇ ಬ್ರಿಟಿಷರು ಕರಾರು ಕಾಯ್ದೆ ತಂದು, ಬಾಜಿಯ ಒಪ್ಪಂದ ಊರ್ಜಿತವಲ್ಲ, ಗೆದ್ದವನು ಕೋರ್ಟಿಗೆ ಹೋಗಿ ವಸೂಲಿ ಮಾಡುವ ಹಾಗಿಲ್ಲ ಅಂತ 30ನೇ ಸೆಕ್ಷನ್‌ನಲ್ಲಿ ಬರೆದರು. ಅದೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಕಿಂಡಿಯನ್ನೂ ಬಿಟ್ಟರು: ಕುದುರೆ ರೇಸಿನಲ್ಲಿ ಗೆದ್ದವರಿಗೆ ಕೊಡುವ ಐನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬಹುಮಾನಕ್ಕೆ ಹಾಕುವ ವಂತಿಗೆಗೆ ಇದು ಅನ್ವಯಿಸಲ್ಲ. ಐನೂರು ಅಂತ ಓದಿದಾಗ ನನಗೆ ನಗು ಬಂತು. 1872ರ ಐನೂರು ರೂಪಾಯಿ ಅಂದರೆ ಬಡವರ ಬಾಜಿಯಲ್ಲ. ಚಿಲ್ಲರೆ ದುಡ್ಡಿನ ಆಟ ಜೂಜು, ದೊಡ್ಡ ದುಡ್ಡಿನ ಆಟ ಕ್ರೀಡೆ!

ಸ್ವಾತಂತ್ರ್ಯ ಬಂದಮೇಲೂ ಗೆರೆ ಅಲ್ಲೇ ಉಳಿಯಿತು. 1952ರಲ್ಲಿ ಮೈಸೂರು ರಾಜ್ಯ ರೇಸ್ ಕೋರ್ಸುಗಳಿಗೆ ಲೈಸೆನ್ಸ್ ಕೊಡುವ ಕಾಯ್ದೆ ಮಾಡಿತು. ಈಗ ಕರ್ನಾಟಕ ಪೊಲೀಸ್ ಕಾಯ್ದೆ ಅಂತ ಕರೆಯುವ 1963ರ ಕಾಯ್ದೆ ಜೂಜನ್ನ ಅಪರಾಧ ಅಂದಿತು, ಆದರೆ ರೇಸ್ ಕೋರ್ಸಿನ ಆವರಣದೊಳಗೆ ಕುದುರೆ ಮೇಲೆ ಕಟ್ಟುವ ಬಾಜಿಯನ್ನ ಹೊರಗಿಟ್ಟಿತು. ಮುಂದೆ 1996ರಲ್ಲಿ ಮದ್ರಾಸಿನ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಅದೃಷ್ಟದ ಆಟವಲ್ಲ, ಕೌಶಲದ ಆಟ ಅಂದಿತು. ಕುದುರೆಯ ತಳಿ, ತರಬೇತಿ, ಜಾಕಿಯ ಚಾಕಚಕ್ಯತೆ ಎಲ್ಲ ತೂಗಿ ನೋಡಬೇಕಲ್ಲ, ಹಾಗಾಗಿ. ಅರಳಿಕಟ್ಟೆಯವನು ಯಾವ ಎಲೆ ಬಿತ್ತು ಅಂತ ನೆನಪಿಟ್ಟುಕೊಳ್ಳೋದೂ ಕೌಶಲವೇ ಅಂತ ವಾದಿಸಬಹುದಿತ್ತು, ಪಾಪ ಅವನಿಗೆ ಆ ಮಟ್ಟದ ವಕೀಲರು ಸಿಗಲ್ಲ.

ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಕುದುರೆ ಓಡಿಸಲು ಕ್ಲಬ್ಬು ಹುಟ್ಟಿದ ಅದೇ 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಚಳಿಗಾಲದಲ್ಲಿ ಹುಡುಗರನ್ನ ಸುಮ್ಮನಿರಿಸಲು ಪೀಚ್ ಹಣ್ಣಿನ ಎರಡು ಬುಟ್ಟಿ ನೇತುಹಾಕಿ ಹೊಸ ಆಟ ಕಟ್ಟಿದರು. ಹತ್ತಿರದಲ್ಲೇ ಇದ್ದ ಸ್ಮಿತ್ ಮಹಿಳಾ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದರ ವಿಷಯ ಓದಿ ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್ 22ಕ್ಕೆ ಅಲ್ಲಿ ಮೊದಲ ಆಟ, ಗಂಡಸರಿಗೆ ಪ್ರವೇಶ ಇಲ್ಲ. 1896ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹುಡುಗಿಯರು ಎದುರಾದರು. ಎರಡು ಕಾಲೇಜುಗಳ ನಡುವಿನ ಮೊದಲ ಮಹಿಳಾ ಸ್ಪರ್ಧೆ ಅದು. ಅಲ್ಲೂ ಪ್ರೇಕ್ಷಕರು ಹೆಂಗಸರು ಮಾತ್ರ. ಸ್ಟ್ಯಾನ್‌ಫರ್ಡ್ ಗೆದ್ದಿತು, 2-1. ಫುಟ್‌ಬಾಲ್ ಸ್ಕೋರಲ್ಲ, ಬಾಸ್ಕೆಟ್‌ಬಾಲಿನದ್ದೇ. ಬೆರೆನ್ಸನ್ ಅಂಕಣವನ್ನ ಮೂರು ಭಾಗ ಮಾಡಿದ್ದರು. ಒಬ್ಬಳು ತನ್ನ ಭಾಗ ದಾಟುವಂತಿಲ್ಲ, ಚೆಂಡು ಕಿತ್ತುಕೊಳ್ಳುವಂತಿಲ್ಲ. ಹೆಣ್ಣುಮಕ್ಕಳಿಗೆ ಆಯಾಸ ಆದೀತು, ಮರ್ಯಾದೆ ಹೋದೀತು ಅನ್ನೋ ಕಾಲ.

ಬಾಗಿಲು ಹಾಕಿಕೊಂಡು ಆಡಿದ ಆಟಕ್ಕೆ ಬಾಜಿ ಕಟ್ಟೋರು ಎಲ್ಲಿಂದ ಬರಬೇಕು? ಗಂಡಸರ ಆಟದ ದಾರಿ ಬೇರೆಯಾಯಿತು. ಅಲ್ಲಿ 1940ರ ದಶಕದಲ್ಲಿ 'ಪಾಯಿಂಟ್ ಸ್ಪ್ರೆಡ್' ಬಂತು. ಅದನ್ನ ಹುಟ್ಟುಹಾಕಿದ ಕೀರ್ತಿ ಗಣಿತದ ಮೇಷ್ಟ್ರಾಗಿದ್ದ ಚಾರ್ಲ್ಸ್ ಮೆಕ್‌ನೀಲ್ ಅವರಿಗೆ ಸಲ್ಲುತ್ತೆ. ಸ್ಪ್ರೆಡ್ ಏನು ಅಂತ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತೆ. ಒಂದು ತಂಡ ಬಲಿಷ್ಠ, ಇನ್ನೊಂದು ಪೀಚಲು ಅಂದುಕೊಳ್ಳಿ. ಎಲ್ಲರೂ ಬಲಿಷ್ಠ ತಂಡಕ್ಕೇ ಕಟ್ಟಿದರೆ ಬುಕಿಯ ಕಥೆ ಮುಗೀತು. ಅದಕ್ಕೆ ಅವನು 'ಗೆದ್ದರೆ ಸಾಲದು, ಆರೂವರೆ ಅಂಕದ ಮೇಲೆ ಗೆಲ್ಲಬೇಕು' ಅಂತಾನೆ. ಆಗ ಏಳರಿಂದ ಗೆದ್ದರೆ ಬಲಿಷ್ಠ ತಂಡಕ್ಕೆ ಕಟ್ಟಿದವನಿಗೆ ಲಾಭ. ಆರರಿಂದ ಗೆದ್ದರೆ ತಂಡ ಕಪ್ ಎತ್ತುತ್ತೆ, ಕಟ್ಟಿದವನು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಮುಗಿದುಹೋದ ಆಟದ ಕೊನೇ ಹತ್ತು ಸೆಕೆಂಡಿನ ಒಂದು ಫ್ರೀ ಥ್ರೋ ಮೇಲೂ ಲಕ್ಷಾಂತರ ನಿಂತಿರುತ್ತೆ.

ಇದು ಆಟಗಾರರಿಗೆ ಒಡ್ಡಿದ ಆಮಿಷವೂ ಹೊಸದು. ಸೋಲಬೇಡ ತಮ್ಮಾ, ಗೆಲ್ಲು, ಸ್ವಲ್ಪ ಕಡಿಮೆ ಗೆಲ್ಲು. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ಅಲ್ಲಿನ ಎರಡೂ ದೊಡ್ಡ ಪ್ರಶಸ್ತಿಗಳನ್ನ ಒಂದೇ ವರ್ಷ ಗೆದ್ದು ಬೀಗಿತ್ತು. 1951ರಲ್ಲಿ ಅದೇ ತಂಡದ ಹುಡುಗರು ಅರೆಸ್ಟಾದರು. ಜಿಲ್ಲಾ ಅಟಾರ್ನಿ ಫ್ರಾಂಕ್ ಹೋಗನ್ ತನಿಖೆ ಮುಗಿಸುವ ಹೊತ್ತಿಗೆ 7 ಕಾಲೇಜಿನ 32 ಆಟಗಾರರ ಹೆಸರು ಬಂದಿತ್ತು. ಕಾಲೇಜಿಗೆ, ಸ್ಟೇಡಿಯಂಗೆ, ಬುಕಿಗೆ ದುಡ್ಡು ಹರಿಯುತ್ತಿತ್ತು, ಆಡುವವರು 'ಅಮೆಚೂರ್' ಅನ್ನೋ ಹೆಸರಿನಲ್ಲಿ ಬರಿಗೈ. ಆ ಹುಡುಗರು ಮಾಡಿದ್ದು ತಪ್ಪೇ. ಆದರೆ ತಾತನ ಪ್ರಶ್ನೆ ಅವತ್ತೂ ಅಲ್ಲಿತ್ತು, ಅದನ್ನ ಯಾರೂ ಕೋರ್ಟಿನಲ್ಲಿ ಕೇಳಲಿಲ್ಲ.

ಹೆಂಗಸರ ಆಟಕ್ಕೆ ರಾಷ್ಟ್ರಮಟ್ಟದ ಚಾಂಪಿಯನ್‌ಶಿಪ್ ಗಟ್ಟಿಯಾಗಿ ಶುರುವಾಗಿದ್ದೇ 1972ರಲ್ಲಿ. ಗೆದ್ದದ್ದು ಇಮ್ಯಾಕ್ಯುಲಾಟಾ ಅನ್ನೋ ಪುಟ್ಟ ಕ್ಯಾಥೊಲಿಕ್ ಕಾಲೇಜು. ಇಲಿನಾಯ್‌ಗೆ ಹೋಗಲು ವಿಮಾನದ ದುಡ್ಡಿಲ್ಲದೆ ಆ ಹುಡುಗಿಯರು ಟೂತ್‌ಬ್ರಷ್ ಮಾರಿದ್ದರು. ಆದರೂ ಎಂಟೇ ಜನಕ್ಕೆ ಆಗುವಷ್ಟು ಹೊಂದಿತು, ಉಳಿದವರು ಮನೆಯಲ್ಲೇ ಉಳಿದರು. ಎಂಟು ಜನ ಹೋಗಿ ವೆಸ್ಟ್ ಚೆಸ್ಟರ್ ಮೇಲೆ 52-48ರಿಂದ ಗೆದ್ದು ಬಂದರು, ಮುಂದಿನ ಎರಡು ವರ್ಷವೂ ಅವರೇ ಚಾಂಪಿಯನ್ನರು. ಅದೇ 1972ರಲ್ಲಿ ಸರ್ಕಾರಿ ದುಡ್ಡು ಪಡೆಯುವ ಕಾಲೇಜುಗಳು ಹೆಣ್ಣುಗಂಡು ಭೇದ ಮಾಡುವ ಹಾಗಿಲ್ಲ ಅನ್ನೋ 'ಟೈಟಲ್ ನೈನ್' ಕಾನೂನು ಬಂತು. ಅಲ್ಲಿವರೆಗೆ ಗಂಡಸರ ಟೂರ್ನಿ ಮಾತ್ರ ನಡೆಸುತ್ತಿದ್ದ ಎನ್‌ಸಿಎಎ ಸಂಸ್ಥೆ 1982ರಲ್ಲಿ ಮಹಿಳೆಯರದ್ದನ್ನೂ ಕೈಗೆ ತೆಗೆದುಕೊಂಡಿತು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಗಂಡಸರ ತಂಡ ಒಂದೊಂದು ಆಟ ಮುಂದೆ ಹೋದಂತೆ ಅದರ ಕಾಲೇಜು ಒಕ್ಕೂಟಕ್ಕೆ 'ಯೂನಿಟ್' ಲೆಕ್ಕದಲ್ಲಿ ಹಣ ಸೇರುತ್ತಿತ್ತು. ಹೆಂಗಸರ ತಂಡ ಕಪ್ ಗೆದ್ದರೂ ಯೂನಿಟ್ ಸೊನ್ನೆ. 'ಮಾರ್ಚ್ ಮ್ಯಾಡ್‌ನೆಸ್' ಅನ್ನೋ ಹೆಸರನ್ನ ಬಳಸಲು ಕೂಡ ಹೆಂಗಸರ ಟೂರ್ನಿಗೆ 2022ರವರೆಗೆ ಅವಕಾಶ ಇರಲಿಲ್ಲ. ಅದಕ್ಕೂ ದಾರಿಯಾಗಿದ್ದು ಒಂದು ಮೊಬೈಲ್ ವಿಡಿಯೊ. 2021ರಲ್ಲಿ ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಗಂಡಸರಿಗೆ ಕೊಟ್ಟ ದೊಡ್ಡ ಜಿಮ್ಮನ್ನೂ, ಹೆಂಗಸರಿಗೆ ಕೊಟ್ಟ ಒಂದು ಸಣ್ಣ ಡಂಬೆಲ್ ಸ್ಟ್ಯಾಂಡನ್ನೂ ಅಕ್ಕಪಕ್ಕ ತೋರಿಸಿದರು.

ಈ ನಡುವೆ ಬಾಜಿಯ ಬಾಗಿಲು ತೆರೆಯಿತು. ನೆವಾಡಾದಂಥ ಕೆಲವೇ ರಾಜ್ಯ ಬಿಟ್ಟು ಬೇರೆ ಕಡೆ ಕ್ರೀಡಾ ಬಾಜಿಗೆ ಅವಕಾಶ ಕೊಡದ 1992ರ ಕಾನೂನನ್ನ ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ 14ರಂದು ರದ್ದು ಮಾಡಿತು. ಆರು ವರ್ಷದಲ್ಲಿ 38 ರಾಜ್ಯಗಳು ಬಾಜಿಯನ್ನ ಕಾನೂನುಬದ್ಧ ಮಾಡಿದವು. ಆ್ಯಪ್ ತೆರೆದರೆ ಸಾಕು. ಅದೇ ಹೊತ್ತಿಗೆ ಕ್ಲಾರ್ಕ್ ಬಂದಳು. ನಾನು ಕವಲಂದೆಯಲ್ಲಿ ಕೂತು ನೋಡಿದ ಆ ಫೈನಲನ್ನ ಅಮೆರಿಕದಲ್ಲಿ ಸರಾಸರಿ 1.89 ಕೋಟಿ ಜನ ನೋಡಿದರು, ಮಾರನೇ ದಿನದ ಗಂಡಸರ ಫೈನಲ್ ನೋಡಿದವರು 1.48 ಕೋಟಿ. ಹೆಂಗಸರ ಫೈನಲ್ ಗಂಡಸರದ್ದನ್ನ ಮೀರಿಸಿದ್ದು ಅದೇ ಮೊದಲು. ಮಹಿಳೆಯರ ಕ್ರೀಡೆಯ ಮೇಲೆ ಇಷ್ಟು ಬಾಜಿ ಹಿಂದೆಂದೂ ಬಿದ್ದಿರಲಿಲ್ಲ ಅಂತ ಬಾಜಿ ಕಂಪನಿಗಳು ಹೆಮ್ಮೆಯಿಂದ ಹೇಳಿಕೊಂಡವು. ಕೆಲವರು ಅದನ್ನ ಸಮಾನತೆ ಅಂತ ಸಂಭ್ರಮಿಸಿದರು. ನನಗೂ ಒಂದು ಕ್ಷಣ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಯಾರೂ ಬಾಜಿ ಕಟ್ಟದ ಆಟ ಅಂದರೆ ಯಾರೂ ಲೆಕ್ಕಕ್ಕಿಡದ ಆಟ ಅಂತಲೂ ಅರ್ಥ ಅಲ್ಲವೇ?

ಆದರೆ ಬಾಜಿಯ ಜೊತೆ ಬಂದ ಇನ್ನೊಂದನ್ನೂ ಲೆಕ್ಕ ಹಾಕಬೇಕು. ಈಗ ತಂಡದ ಮೇಲೆ ಮಾತ್ರ ಅಲ್ಲ, ಒಬ್ಬೊಬ್ಬ ಆಟಗಾರ್ತಿ ಎಷ್ಟು ಅಂಕ, ಎಷ್ಟು ರಿಬೌಂಡ್ ಅನ್ನೋದರ ಮೇಲೂ ಕಟ್ಟಬಹುದು. ಅದಕ್ಕೆ 'ಪ್ರಾಪ್ ಬೆಟ್' ಅಂತಾರೆ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿ ಒಂದು ಎಸೆತ ತಪ್ಪಿಸಿದರೆ, ಆ ರಾತ್ರಿ ಅವಳ ಇನ್‌ಸ್ಟಾಗ್ರಾಮ್ ತುಂಬಾ ದುಡ್ಡು ಕಳೆದುಕೊಂಡವರ ಬೈಗುಳ, ಬೆದರಿಕೆ. ಕಾಲೇಜು ಆಟಗಾರರ ಮೇಲಿನ ಪ್ರಾಪ್ ಬೆಟ್ ನಿಷೇಧಿಸಿ ಅಂತ ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಆ ಫೈನಲಿಗೆ ಹನ್ನೊಂದು ದಿನ ಮೊದಲು, ಮಾರ್ಚ್ 27ಕ್ಕೆ, ರಾಜ್ಯಗಳನ್ನ ಕೇಳಿಕೊಂಡರು. ಅದೇ ವರ್ಷ ಸಂಸ್ಥೆ ಮಾಡಿಸಿದ ಅಧ್ಯಯನದಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗಿಯರಿಗೆ ಹುಡುಗರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬೆದರಿಕೆ ಬಂದದ್ದು ಕಂಡಿತು. ನೋಡೋರ ಸಂಖ್ಯೆಯಲ್ಲಿ ಗಂಡಸರನ್ನ ಹಿಂದೆ ಹಾಕಿದ ವರ್ಷ, ಬೈಗುಳದಲ್ಲೂ ಹಿಂದೆ ಹಾಕಿದರು.

ಇದೆಲ್ಲ ದೂರದ ಊರಿನ ಕಥೆ ಅನ್ನಬೇಡಿ. ಬೆಂಗಳೂರಿನ ಸಂಜನಾ ರಮೇಶ್ ಇದೇ ಎನ್‌ಸಿಎಎ ವ್ಯವಸ್ಥೆಯಲ್ಲಿ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಅರಿಜೋನಾದಲ್ಲಿ ಕಾನೂನುಬದ್ಧ ಕ್ರೀಡಾ ಬಾಜಿ ಶುರುವಾಗಿದ್ದು 2021ರ ಸೆಪ್ಟೆಂಬರಿನಲ್ಲಿ. 2017ರ ಜುಲೈನಲ್ಲಿ ಭಾರತದ ಹೆಣ್ಣುಮಕ್ಕಳು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಏಷ್ಯಾ ಕಪ್ 'ಬಿ' ಡಿವಿಷನ್ ಫೈನಲಿನಲ್ಲಿ ಕಜಕಿಸ್ತಾನವನ್ನ 75-73ರಿಂದ ಸೋಲಿಸಿದ್ದರು. ಎರಡೇ ಅಂಕದ ಗೆಲುವು! ನಮ್ಮ ಆಫೀಸಿನಲ್ಲಿ ಯಾರೂ ಬ್ರ್ಯಾಕೆಟ್ ಕಳಿಸಿರಲಿಲ್ಲ, ನಾನೂ ಹೋಗಿ ನೋಡಿರಲಿಲ್ಲ.

ದುಡ್ಡು ಕಡಿಮೆ, ಬಾಜಿ ಹೆಚ್ಚು ಇರುವ ಆಟದಲ್ಲಿ ಏನಾಗುತ್ತೆ ಅಂತ ನಮಗೂ ಪಾಠ ಆಗಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನ, ಒಂದು ತಂಡದ ಮಾಲೀಕರನ್ನ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣ ರದ್ದು ಮಾಡುತ್ತಾ ಹೇಳಿದ ಮಾತು ಸ್ವಾರಸ್ಯವಾಗಿದೆ: ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು ಇರಬಹುದು, ಆದರೆ ದಂಡಸಂಹಿತೆಯ 420ರ ವಂಚನೆ ಅಲ್ಲ. ಕ್ರಿಕೆಟ್ ಒಂದು ಕ್ರೀಡೆ, ಹಾಗಾಗಿ ಅದರ ಮೇಲಿನ ಬಾಜಿ ಪೊಲೀಸ್ ಕಾಯ್ದೆಯ 'ಜೂಜಿ'ನ ವ್ಯಾಖ್ಯೆಯೊಳಗೆ ಬರಲ್ಲ. ಅಷ್ಟರಲ್ಲಿ ಸರ್ಕಾರ 2021ರ ಅಕ್ಟೋಬರಿನಿಂದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲವಿರಲಿ ಅದೃಷ್ಟವಿರಲಿ, ದುಡ್ಡಿಟ್ಟು ಆಡುವ ಆನ್‌ಲೈನ್ ಆಟವನ್ನ ನಿಷೇಧಿಸಿತ್ತು. 2022ರ ಫೆಬ್ರುವರಿ 14ಕ್ಕೆ ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನೂ ಹೊಡೆದುಹಾಕಿತು. ಮೂರೂವರೆ ವರ್ಷ ಬಿಟ್ಟು, 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿ ಇಡೀ ದೇಶಕ್ಕೆ ಅದೇ ಮಾತು ಹೇಳಿತು. ದುಡ್ಡಿನ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಕ್ರಿಕೆಟಿಗರ ಅಂಗಿಯ ಮೇಲಿದ್ದ ಆ್ಯಪ್‌ಗಳ ಹೆಸರು ರಾತ್ರೋರಾತ್ರಿ ಮಾಯ.

ಈ ಎಲ್ಲಾ ತೀರ್ಪು, ಕಾಯ್ದೆಗಳಲ್ಲಿ ವಾದ ನಡೆದದ್ದು ಕಟ್ಟುವವನ ಕೈಲಿರೋದು ಕೌಶಲವೋ ಅದೃಷ್ಟವೋ ಅನ್ನೋದರ ಸುತ್ತ, ಕಟ್ಟಿಸಿಕೊಳ್ಳುವ ಕಂಪನಿಗೆ ವ್ಯಾಪಾರದ ಹಕ್ಕು ಇದೆಯೋ ಇಲ್ಲವೋ ಅನ್ನೋದರ ಸುತ್ತ. ಆಡುವವಳ ಹೆಸರಲ್ಲಿ ಬರುವ ದುಡ್ಡಿನಲ್ಲಿ ಅವಳದ್ದೆಷ್ಟು ಅಂತ ಕೇಳಿದ್ದು ನನ್ನ ಓದಿನಲ್ಲಿ ನಮ್ಮ ತಾತ ಒಬ್ಬರೇ.

ಆ ರಾತ್ರಿಗೇ ವಾಪಸ್ ಬರೋಣ. ಎರಡನೇ ಕ್ವಾರ್ಟರಿನಲ್ಲಿ ಸೌತ್ ಕ್ಯಾರೊಲಿನಾ ಹುಡುಗಿಯರು ಸುಧಾರಿಸಿಕೊಂಡರು, ಆಮೇಲೆ ಬಿಟ್ಟುಕೊಡಲಿಲ್ಲ. 87-75. ವರ್ಷವಿಡೀ 38 ಆಟ, 38 ಗೆಲುವು. ಕ್ಲಾರ್ಕ್ ಒಬ್ಬಳೇ 30 ಅಂಕ ಗಳಿಸಿಯೂ ಸೋತಳು, ನನ್ನ ಐನೂರೂ ಹೋಯಿತು. ತಾತ ಇನ್ನೂ ಮಲಗಿರಲಿಲ್ಲ. ಅಷ್ಟರಲ್ಲಿ ನಾನು ಹುಡುಕಿಟ್ಟಿದ್ದೆ.

"ಗೆದ್ದರೂ ಅವರ ಕಾಲೇಜಿಗೆ ಟೂರ್ನಿ ದುಡ್ಡಲ್ಲಿ ಏನೂ ಇಲ್ಲ ತಾತ. ಗಂಡು ಹುಡುಗರ ಆಟಕ್ಕೆ ಮಾತ್ರ ಕೊಡ್ತಾರಂತೆ. ಇವರಿಗೆ ಸ್ಕಾಲರ್‌ಶಿಪ್ ಇರುತ್ತೆ, ಊಟ, ಹಾಸ್ಟೆಲ್ಲು ಎಲ್ಲ. ಜಾಹೀರಾತು ಸಿಕ್ಕಿದೋರು ಅದರಲ್ಲಿ ದುಡ್ಕೋತಾರೆ."

"ಊಟ, ಹಾಸ್ಟೆಲ್ಲು ಅಂದ್ರೆ ಅದು ಹುರುಳಿ ಕಣವ್ವ. ಓಡೋ ಕುದುರೆಗೆ ಹುರುಳಿ ಹಾಕ್ದೆ ಇರಾಕಾಯ್ತದಾ? ನಾ ಕೇಳಿದ್ದು ಪಾಲು."

ಪಾಲು ಬಂದದ್ದು ಮುಂದಿನ ವರ್ಷ. ಮಹಿಳೆಯರ ಟೂರ್ನಿಗೂ ಯೂನಿಟ್ ಕೊಡುವ ನಿರ್ಧಾರಕ್ಕೆ 2025ರ ಜನವರಿಯಲ್ಲಿ ಎನ್‌ಸಿಎಎ ಸದಸ್ಯ ಕಾಲೇಜುಗಳು ವೋಟು ಹಾಕಿದವು. ಮೊದಲ ವರ್ಷಕ್ಕೆ ಒಟ್ಟು ಒಂದೂವರೆ ಕೋಟಿ ಡಾಲರ್. 1982ರಿಂದ ಲೆಕ್ಕ ಹಾಕಿದರೆ 43 ವರ್ಷ ಕಾಯ್ದಿದ್ದರು. ಆ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ತಂಡ ಸೌತ್ ಕ್ಯಾರೊಲಿನಾವನ್ನ 82-59ರಿಂದ ಸೋಲಿಸಿತು. ಯೂನಿಟ್ ಹಣ ಹೋಗೋದು ಕಾಲೇಜು ಒಕ್ಕೂಟಕ್ಕೆ, ಹುಡುಗಿಯರ ಕೈಗಲ್ಲ. ಕೈಗೆ ನೇರವಾಗಿ ಕೊಡಲು ಕಾಲೇಜುಗಳಿಗೆ ಅನುಮತಿ ಸಿಕ್ಕಿದ್ದು ಇನ್ನೂ ಮೂರು ತಿಂಗಳು ತಡವಾಗಿ, ಒಂದು ಕೋರ್ಟು ರಾಜಿಯ ಪ್ರಕಾರ 2025ರ ಜುಲೈ 1ರಿಂದ. ಮೊದಲ ವರ್ಷ ಒಂದು ಕಾಲೇಜು ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದಿತ್ತು. ಅದರಲ್ಲಿ ಹೆಂಗಸರ ಬಾಸ್ಕೆಟ್‌ಬಾಲಿಗೆ ಎಷ್ಟು ಅನ್ನೋದನ್ನ ಆಯಾ ಕಾಲೇಜಿಗೇ ಬಿಟ್ಟಿದ್ದಾರೆ. ಫುಟ್‌ಬಾಲ್ ಹುಡುಗರ ತಟ್ಟೆ ತುಂಬಿದ ಮೇಲೆ ಉಳಿದದ್ದು ಅಂತ ನನ್ನ ಊಹೆ.

ಅಂದಹಾಗೆ ನಮ್ಮ ಆಫೀಸಿನ ಬ್ರ್ಯಾಕೆಟ್ ಗೆದ್ದದ್ದು ಪೇರೋಲ್ ವಿಭಾಗದ ಒಬ್ಬ ಹುಡುಗಿ, ಮೈಸೂರಿನವಳೇ. ಕಾಲೇಜು ತಂಡದಲ್ಲಿ ಗಾರ್ಡ್ ಆಗಿ ಆಡಿದವಳಂತೆ. ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ. 1872ರ ಕಾಯ್ದೆಯ ಪ್ರಕಾರ ನಾನು ಅವಳಿಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಯುಗಾದಿ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ, ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, ಐನೂರು ರೂಪಾಯಿ ಫೋನ್‌ಪೇ ಮಾಡಿದೆ.